ಆಡುಸೋಗೆ ಎಲೆಯಲ್ಲಿ ಔಷಧಿ ಎಲ್ಲಿದೆ?

ಆಡು ಮುಟ್ಟದ ಸೊಪ್ಪಿಲ್ಲ ಅಂತ ಗಾದೆ ಇದೆ. ಆದರೆ ಬೇಲಿ ಸಾಲಿನ ಒಂದು ಸೊಪ್ಪನ್ನು ಮಾತ್ರ ಆಡು ಮೂಸಿ ನೋಡಿ ಮುಂದಕ್ಕೆ ಹೋಗಿಬಿಡುತ್ತದೆ. ಅದೇ ಆಡುಸೋಗೆ. ತಮಿಳಿನವರು ಇದನ್ನು 'ಆಡು ತೊಡಾ', ಅಂದರೆ ಆಡು ಮುಟ್ಟದ್ದು ಎಂದೇ ಕರೆದರು. ಆ ಹೆಸರು ಸಮುದ್ರ ದಾಟಿತು. 1753ರಲ್ಲಿ ಸ್ವೀಡನ್ ದೇಶದ ಲಿನಿಯಸ್ ಈ ಗಿಡಕ್ಕೆ 'ಜಸ್ಟಿಸಿಯಾ ಅಧಟೋಡ' ಅಂತ ಹೆಸರಿಟ್ಟ. ನಮ್ಮ ಆಡಿಗೆ ವಿಜ್ಞಾನದ ಪುಸ್ತಕದಲ್ಲಿ ಜಾಗ ಸಿಕ್ಕಿದ್ದು ಹೀಗೆ!

ಕೆಮ್ಮು ಬಂದರೆ ಅಜ್ಜಿಯರು ಇದರ ಎಲೆ ಕುದಿಸಿ, ಜೇನುತುಪ್ಪ ಸೇರಿಸಿ ಕುಡಿಸುತ್ತಾರೆ. ಕಹಿ ಅಂದರೆ ಅಂಥಿಂಥ ಕಹಿಯಲ್ಲ. ಆದರೆ ಎಲೆಯಲ್ಲಿ ನೂರಾರು ವಸ್ತುಗಳು ಒಂದರೊಳಗೊಂದು ಬೆರೆತಿರುತ್ತವೆ. ಅದರಲ್ಲಿ ಕೆಮ್ಮಿಗೆ ಕೆಲಸ ಮಾಡುವುದು ಯಾವುದು? ಹಸಿರು ಬಣ್ಣವೇ? ಇದನ್ನು ತಿಳಿಯಬೇಕಾದರೆ ಮೊದಲು ಬೆರೆತದ್ದನ್ನು ಬೇರೆ ಮಾಡಬೇಕು. ಹಾಗೆ ಬೇರೆ ಮಾಡುವ ವಿಧಾನಕ್ಕೆ ಕ್ರೊಮ್ಯಾಟೊಗ್ರಫಿ ಅಂತ ಹೆಸರು. ಕನ್ನಡದಲ್ಲಿ ವರ್ಣರೇಖನ ಎನ್ನಬಹುದು.

ಇದನ್ನು ಕಂಡುಹಿಡಿದವನು ಮಿಖಾಯಿಲ್ ತ್ಸ್ವೆತ್ ಎಂಬ ರಷ್ಯದ ಸಸ್ಯವಿಜ್ಞಾನಿ. ಅವನು ಗಾಜಿನ ಕೊಳವೆಯಲ್ಲಿ ಸುಣ್ಣದ ಜಾತಿಯ ಪುಡಿಯನ್ನು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟನ್ನು ಗಟ್ಟಿಯಾಗಿ ತುಂಬಿ, ಮೇಲಿನಿಂದ ಎಲೆಯ ಸಾರವನ್ನು ಇಳಿಬಿಟ್ಟ. ಹಸಿರು ಸಾರ ಇಳಿಯುತ್ತಾ ಇಳಿಯುತ್ತಾ ಹಸಿರು, ಹಳದಿ ಪಟ್ಟೆಗಳಾಗಿ ಒಡೆಯಿತು. 1903ರಲ್ಲಿ ವಾರ್ಸಾದಲ್ಲಿ ಈ ಬಗ್ಗೆ ಭಾಷಣ ಮಾಡಿದ. 1906ರಲ್ಲಿ ಹೆಸರನ್ನೂ ಇಟ್ಟ. ಗ್ರೀಕ್ ಭಾಷೆಯಲ್ಲಿ ಕ್ರೋಮ ಅಂದರೆ ಬಣ್ಣ, ಗ್ರಾಫೀನ್ ಅಂದರೆ ಬರೆಯುವುದು. ತಮಾಷೆ ಏನು ಗೊತ್ತಾ? ರಷ್ಯನ್ ಭಾಷೆಯಲ್ಲಿ ತ್ಸ್ವೆತ್ ಅಂದರೂ ಬಣ್ಣವೇ! ಪಾಪ, ಆ ಕಾಲದ ದೊಡ್ಡ ದೊಡ್ಡ ರಸಾಯನಶಾಸ್ತ್ರಜ್ಞರು ಅವನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. 1919ರಲ್ಲಿ ಅವನು ತೀರಿಕೊಂಡ. 1931ರ ಹೊತ್ತಿಗೆ ಜರ್ಮನಿಯಲ್ಲಿ ಕೂನ್ ಮತ್ತು ಲೆಡರರ್ ಅದೇ ದಾರಿಯಲ್ಲಿ ನಡೆದ ಮೇಲೆ ಎಲ್ಲರ ಕಣ್ಣು ತೆರೆಯಿತು.

ಪಟ್ಟೆಗಳಾಗಿ ಒಡೆಯುವುದು ಯಾಕೆ? ತೇರಿನ ದಿನ ಬಸ್ಸಿಳಿದ ಜನ ಎಲ್ಲರೂ ಒಟ್ಟಿಗೇ ಗುಡಿಯ ಕಡೆ ಹೊರಡುತ್ತಾರೆ. ಬಳೆ ಅಂಗಡಿ, ಮಂಡಕ್ಕಿ ಅಂಗಡಿ, ಬೊಂಬೆ ಅಂಗಡಿ ಅಂತ ಎಲ್ಲದರ ಮುಂದೂ ನಿಲ್ಲುವವರು ಹಿಂದೆ ಬೀಳುತ್ತಾರೆ. ಯಾವುದಕ್ಕೂ ನಿಲ್ಲದವರು ಮೊದಲು ಗುಡಿ ಸೇರುತ್ತಾರೆ. ಇಲ್ಲಿ ಬೀದಿ ಎಂದರೆ ಕಾಗದ ಅಥವಾ ಪುಡಿ. ಜನರನ್ನು ಮುಂದಕ್ಕೆ ತಳ್ಳುವುದು ದ್ರಾವಕ. ಕಾಗದಕ್ಕೆ ಹೆಚ್ಚು ಅಂಟಿಕೊಳ್ಳುವ ವಸ್ತು ಹಿಂದೆ ಉಳಿಯುತ್ತದೆ, ದ್ರಾವಕವನ್ನೇ ನೆಚ್ಚಿದ್ದು ಮುಂದೆ ಓಡುತ್ತದೆ.

ನೀವೂ ಮಾಡಬಹುದು. ನಾಲ್ಕೈದು ಎಲೆ ಜಜ್ಜಿ, ಗಾಯಕ್ಕೆ ಹಚ್ಚುವ ಸ್ಪಿರಿಟ್ಟಿನಲ್ಲಿ ಸ್ವಲ್ಪ ಹೊತ್ತು ನೆನೆಸಿಡಿ. ಸೋಸುಕಾಗದದ ಉದ್ದ ಪಟ್ಟಿಯ ತುದಿಯಿಂದ ಎರಡು ಸೆಂಟಿಮೀಟರ್ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆಯಿರಿ. ಪೆನ್ನು ಬೇಡ, ಅದರ ಶಾಯಿಯೂ ಎಲೆಯ ಜೊತೆ ಓಡುತ್ತದೆ! ಗೆರೆಯ ಮೇಲೆ ಸಾರದ ಚುಕ್ಕೆ ಇಟ್ಟು, ಒಣಗಿಸಿ, ಅದೇ ಜಾಗಕ್ಕೆ ಮತ್ತೆ ಇಡಿ. ಹೀಗೆ ಏಳೆಂಟು ಸಲ. ಆಮೇಲೆ ಲೋಟದಲ್ಲಿ ಒಂದು ಸೆಂಟಿಮೀಟರ್ ಸ್ಪಿರಿಟ್ ಹಾಕಿ, ಚುಕ್ಕೆ ಮುಳುಗದ ಹಾಗೆ ಪಟ್ಟಿಯನ್ನು ಇಳಿಬಿಟ್ಟು, ಲೋಟದ ಬಾಯಿ ಮುಚ್ಚಿ. ಸ್ಪಿರಿಟ್ಟಿಗೆ ಬೆಂಕಿ ಹತ್ತುವುದು ಬೇಗ. ಆದ್ದರಿಂದ ಒಲೆ, ದೀಪದ ಹತ್ತಿರ ಬೇಡ, ಮೇಷ್ಟ್ರು ಇದ್ದಾಗಲೇ ಮಾಡಿ.

ಸ್ಪಿರಿಟ್ ಏರಿದಂತೆ ಹಸಿರು ಮತ್ತು ಹಳದಿ ಬೇರೆಯಾಗುವುದು ಕಾಣುತ್ತದೆ. ಪ್ರಯೋಗಶಾಲೆಯಲ್ಲಿ ಪೆಟ್ರೋಲಿಯಂ ಈಥರಿಗೆ ಸ್ವಲ್ಪ ಅಸಿಟೋನ್ ಬೆರೆಸಿ ಮಾಡಿದರೆ ನಾಲ್ಕು ಪಟ್ಟೆ ಸಿಗುತ್ತವೆ. ಎಲ್ಲಕ್ಕಿಂತ ಮೇಲೆ ಕಿತ್ತಳೆ ಹಳದಿಯ ಕ್ಯಾರೋಟಿನ್, ಅದರ ಕೆಳಗೆ ಹಳದಿ ಕ್ಸ್ಯಾಂಥೊಫಿಲ್, ಆಮೇಲೆ ನೀಲಿ ಹಸಿರಿನ 'ಎ' ಪತ್ರಹರಿತ್ತು, ಕೊನೆಗೆ ಹಳದಿ ಹಸಿರಿನ 'ಬಿ' ಪತ್ರಹರಿತ್ತು. ಚುಕ್ಕೆ ಏರಿದ ದೂರವನ್ನು ದ್ರಾವಕ ಏರಿದ ದೂರದಿಂದ ಭಾಗಿಸಿದರೆ ಬರುವುದು ಆರ್.ಎಫ್. ಬೆಲೆ. ದ್ರಾವಕ 10 ಸೆಂ.ಮೀ., ಚುಕ್ಕೆ 4 ಸೆಂ.ಮೀ. ಏರಿದ್ದರೆ 0.4. ಅದೇ ಕಾಗದ, ಅದೇ ದ್ರಾವಕ ಇದ್ದರೆ ಒಂದು ವಸ್ತುವಿಗೆ ಹೆಚ್ಚುಕಡಿಮೆ ಅದೇ ಬೆಲೆ ಬರುತ್ತದೆ. ಒಂದು ಥರದ ಹಾಜರಿ ನಂಬರು ಅನ್ನಿ.

ಈಗ ನಿಜವಾದ ವಿಷಯಕ್ಕೆ ಬರೋಣ. ಆಡುಸೋಗೆ, ತುಳಸಿ, ದೊಡ್ಡಪತ್ರೆ ಮೂರನ್ನೂ ಹೀಗೆ ಮಾಡಿದರೆ ಮೂರರಲ್ಲೂ ಬರುವುದು ಅದೇ ಹಸಿರು, ಅದೇ ಹಳದಿ! ಹುಣಿಸೆ ಚಿಗುರು ತಂದರೂ ಅದೇ. ಪತ್ರಹರಿತ್ತು ಇರುವುದು ಬಿಸಿಲಿನಲ್ಲಿ ಗಿಡ ತನ್ನ ಅಡುಗೆ ಮಾಡಿಕೊಳ್ಳಲಿಕ್ಕೆ, ನಮ್ಮ ಕೆಮ್ಮಿಗಲ್ಲ. ಹಾಗಾದರೆ ಔಷಧಿ? ಅದೂ ಕಾಗದದ ಮೇಲೆಯೇ ಎಲ್ಲೋ ಇದೆ, ಆದರೆ ಬಣ್ಣವಿಲ್ಲದ್ದರಿಂದ ಕಣ್ಣಿಗೆ ಬೀಳುವುದಿಲ್ಲ.

ಆಡುಸೋಗೆಯ ಮುಖ್ಯ ವಸ್ತುವಿನ ಹೆಸರು ವ್ಯಾಸಿಸಿನ್. 1888ರಲ್ಲಿ ಹೂಪರ್ ಎಂಬಾತ ಇದನ್ನು ಎಲೆಯಿಂದ ಬೇರೆ ಮಾಡಿದ. ಇದನ್ನು ಕಾಣಿಸಲು ಕಾಗದದ ಬದಲು ಸಿಲಿಕಾ ಪುಡಿಯನ್ನು ತೆಳ್ಳಗೆ ಬಳಿದ ಗಾಜಿನ ತಟ್ಟೆ ಬಳಸುತ್ತಾರೆ. 1938ರಲ್ಲಿ ಖಾರ್ಕಿವ್ ನಗರದಲ್ಲಿ ಇಜ್ಮೈಲೊವ್ ಮತ್ತು ಶ್ರೈಬರ್ ಇಂಥ ತೆಳು ಪದರದ ವಿಧಾನವನ್ನು ಮೊದಲು ಬಳಸಿದ್ದೇ ಔಷಧಿ ಗಿಡಗಳ ಸಾರ ಪರೀಕ್ಷಿಸಲು. ಸಾರ ಏರಿದ ಮೇಲೆ ತಟ್ಟೆಗೆ ಡ್ರಾಗೆಂಡಾರ್ಫ್ ದ್ರಾವಣ ಚಿಮುಕಿಸಿದರೆ, ವ್ಯಾಸಿಸಿನ್ ಇರುವ ಕಡೆ ಕಿತ್ತಳೆ ಬಣ್ಣದ ಚುಕ್ಕೆ ಮೂಡುತ್ತದೆ. ಬಚ್ಚಿಟ್ಟುಕೊಂಡವನು ಎದ್ದು ನಿಂತ ಹಾಗೆ! ಪಕ್ಕದಲ್ಲಿ ಶುದ್ಧ ವ್ಯಾಸಿಸಿನ್ ಚುಕ್ಕೆಯನ್ನೂ ಇಟ್ಟಿರುತ್ತಾರೆ. ಎರಡೂ ಒಂದೇ ಎತ್ತರಕ್ಕೆ ಬಂದರೆ ಎಲೆ ಆಡುಸೋಗೆಯದೇ ಇರಬೇಕು ಅಂತ ಲೆಕ್ಕ. ಆದರೂ ಬೇರೆ ಬೇರೆ ವಸ್ತುಗಳು ಒಂದೇ ಎತ್ತರಕ್ಕೆ ಬರುವುದುಂಟು. ಅದಕ್ಕೇ ಒಂದೇ ಪರೀಕ್ಷೆ ನಂಬಿ ಕೂರುವುದಿಲ್ಲ. ಎಷ್ಟು ಇದೆ ಅಂತ ಅಳೆಯಲು ದ್ರಾವಕವನ್ನು ಪಂಪಿನಿಂದ ಒತ್ತಿ ಹಾಯಿಸುವ ಎಚ್.ಪಿ.ಎಲ್.ಸಿ. ಯಂತ್ರ ಇದೆ.

ಇಷ್ಟೆಲ್ಲ ಯಾಕೆ ಬೇಕು ಅಂತೀರಾ? ಒಣಗಿಸಿ ಪುಡಿ ಮಾಡಿದ ಮೇಲೆ ಯಾವ ಎಲೆಯಾದರೂ ಒಂದೇ ಥರ ಕಾಣುತ್ತದೆ. ಪೊಟ್ಟಣದಲ್ಲಿ ಬೇರೆ ಎಲೆ ಬೆರೆಸಿದ್ದರೆ ಕಣ್ಣಿಗೆ ತಿಳಿಯದು, ತಟ್ಟೆಗೆ ತಿಳಿಯುತ್ತದೆ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ವ್ಯಾಸಿಸಿನನ್ನು ಬೇರೆ ಮಾಡಿ ಪರೀಕ್ಷಿಸಿದಾಗ ಅದು ಗರ್ಭಕೋಶವನ್ನು ಸಂಕುಚಿಸುವಂತೆ ಮಾಡುತ್ತದೆ ಎಂದು ಗೊತ್ತಾಯಿತು. ಆದ್ದರಿಂದ ಬಸುರಿಯರು ಆಡುಸೋಗೆ ಕಷಾಯ ಕುಡಿಯಬಾರದು. ಸೊಪ್ಪಿನ ಔಷಧಿ ಏನೂ ಮಾಡೋಲ್ಲ ಅಂತ ಹೇಳುವವರು ಮನೆಯಲ್ಲಿದ್ದರೆ ಈ ಸಾಲನ್ನು ಓದಿ ಹೇಳಿ. ಅಂಗಡಿಯ ಕೆಲವು ಕೆಮ್ಮಿನ ಸಿರಪ್ಪುಗಳಲ್ಲಿರುವ ಬ್ರೋಮ್‌ಹೆಕ್ಸಿನ್ ಕೂಡ ಇದೇ ವ್ಯಾಸಿಸಿನನ್ನು ಮಾದರಿಯಾಗಿಟ್ಟುಕೊಂಡು ತಯಾರಿಸಿದ್ದು. ಬಾಟಲಿ ಸಿಕ್ಕರೆ ಚೀಟಿ ಓದಿ ನೋಡಿ.

ಕೆಳಗೆ ಅಂಟಿಸಿರುವ ಮೂರು ಪಟ್ಟಿಗಳು ಎಡದಿಂದ ಆಡುಸೋಗೆ, ತುಳಸಿ, ದೊಡ್ಡಪತ್ರೆ. ಬೆಳಕಿಗೆ ಪತ್ರಹರಿತ್ತಿನ ಬಣ್ಣ ಬೇಗ ಮಾಸುತ್ತದೆ. ಈ ವಾರದೊಳಗೇ ನೋಡಿಬಿಡಿ, ಬೆರಳು ಮಾತ್ರ ಹಚ್ಚಬೇಡಿ.