ಜನವರಿ ಒಂದರ ಎರಡು ಪಟ್ಟಿಗಳು

ಪ್ರತಿ ವರ್ಷ ಜನವರಿ 1ರಂದು ಭಾರತ ತನ್ನ ಅಣು ಸ್ಥಾವರಗಳು ಎಲ್ಲೆಲ್ಲಿವೆ ಎಂಬ ಪಟ್ಟಿಯನ್ನು ಪಾಕಿಸ್ತಾನಕ್ಕೆ ಕೊಡುತ್ತದೆ. ಪಾಕಿಸ್ತಾನವೂ ತನ್ನದನ್ನು ಕೊಡುತ್ತದೆ. ದೆಹಲಿ ಮತ್ತು ಇಸ್ಲಾಮಾಬಾದ್‌ಗಳಲ್ಲಿ ಒಂದೇ ಹೊತ್ತಿಗೆ, ರಾಜತಾಂತ್ರಿಕರ ಮೂಲಕ ಇದು ನಡೆಯುತ್ತದೆ. ಅಕ್ಷಾಂಶ, ರೇಖಾಂಶವನ್ನೂ ಬರೆದುಕೊಡಬೇಕು. ವೈರಿಗೆ ನಾವೇ ವಿಳಾಸ ಕೊಡುವುದು ವಿಚಿತ್ರವೆನಿಸಬಹುದು. ಆದರೆ ಇದನ್ನು ಹುಟ್ಟಿಸಿದ್ದೇ ಅಪನಂಬಿಕೆ.

1981ರ ಜೂನ್‌ನಲ್ಲಿ ಇಸ್ರೇಲಿನ ವಿಮಾನಗಳು ಇರಾಕಿನ ಒಸಿರಾಕ್ ರಿಯಾಕ್ಟರ್ ಮೇಲೆ ಬಾಂಬ್ ಹಾಕಿದವು. ಕಹೂಟಾದ ತನ್ನ ಅಣು ಘಟಕದ ಮೇಲೆ ಭಾರತವೂ ಹೀಗೇ ಎರಗೀತು ಎಂಬ ಆತಂಕ ಪಾಕಿಸ್ತಾನವನ್ನು ಹಿಡಿಯಿತು. ಹಾಗೇನಾದರೂ ಆದರೆ ಮುಂಬೈ ಮಗ್ಗುಲಿನ ಟ್ರಾಂಬೆಯ ಅಣು ಕೇಂದ್ರವೂ ಉಳಿಯದು ಎಂಬ ಲೆಕ್ಕ ನಮ್ಮ ಕಡೆ ಇತ್ತು. 1985ರ ಡಿಸೆಂಬರ್‌ನಲ್ಲಿ ರಾಜೀವ್ ಗಾಂಧಿ ಮತ್ತು ಪಾಕಿಸ್ತಾನದ ಜಿಯಾ ಉಲ್ ಹಕ್, ಒಬ್ಬರ ಅಣು ಸ್ಥಾವರದ ಮೇಲೆ ಇನ್ನೊಬ್ಬರು ಎರಗುವುದು ಬೇಡವೆಂದು ಬಾಯಿಮಾತಿನಲ್ಲಿ ಒಪ್ಪಿಕೊಂಡರು. 1988ರ ಡಿಸೆಂಬರ್ 31ರಂದು ಸಹಿ ಬಿತ್ತು, 1991ರ ಜನವರಿಯಲ್ಲಿ ಒಪ್ಪಂದ ಜಾರಿಗೆ ಬಂತು. 1992ರಲ್ಲಿ ಮೊದಲ ಪಟ್ಟಿ ವಿನಿಮಯವಾಯಿತು.

ಒಪ್ಪಂದ ಪುಟ್ಟದು. ಇನ್ನೊಬ್ಬರ ಅಣು ಸ್ಥಾವರಕ್ಕೆ ಹಾನಿ ಮಾಡುವ ಕೆಲಸಕ್ಕೆ ಕೈಹಾಕಬಾರದು, ಮಾಡುವವರಿಗೆ ಕುಮ್ಮಕ್ಕೂ ಕೊಡಬಾರದು. ವಿದ್ಯುತ್ ಸ್ಥಾವರಗಳೂ ಇದರ ವ್ಯಾಖ್ಯೆಯೊಳಗೆ ಬರುತ್ತವೆ, ಅಂದರೆ ನಮ್ಮ ಕೈಗಾದಂಥವೂ. ಕೊಟ್ಟ ಪಟ್ಟಿ ಪೂರ್ತಿಯೇ ಎಂದು ತಪಾಸಣೆ ಮಾಡುವ ಹಕ್ಕು ಯಾರಿಗೂ ಇಲ್ಲ. ಆದರೂ ಕಾರ್ಗಿಲ್ ಬಂತು, ಪುಲ್ವಾಮಾ, ಬಾಲಾಕೋಟ್ ಬಂದವು, ಪಟ್ಟಿ ಮಾತ್ರ ತಪ್ಪಲಿಲ್ಲ. 2025ರಲ್ಲಿ ನಡೆದದ್ದು 34ನೇ ವಿನಿಮಯ. ಒಪ್ಪಂದ ಮುರಿದರೆ ವಿಕಿರಣ ಇಬ್ಬರ ಮನೆಗೂ ನುಗ್ಗಬಹುದು. ಎದುರಾಳಿಯ ಒಳ್ಳೆಯತನವನ್ನು ನಂಬದೆಯೂ ನಡೆಯುವ ಏರ್ಪಾಡು ಇದು. ಅದಕ್ಕೇ ಇಷ್ಟು ಗಟ್ಟಿ ಎಂದು ನಾನು ತಿಳಿದಿದ್ದೇನೆ.

ಅದೇ ದಿನ ಇನ್ನೊಂದು ಪಟ್ಟಿಯೂ ಹೋಗುತ್ತದೆ, ತಮ್ಮ ಜೈಲುಗಳಲ್ಲಿರುವ ಎದುರು ದೇಶದ ಕೈದಿಗಳದ್ದು. 2008ರ ಒಪ್ಪಂದದಂತೆ ಜನವರಿ 1 ಮತ್ತು ಜುಲೈ 1, ವರ್ಷಕ್ಕೆ ಎರಡು ಸಲ. 2025ರ ಜನವರಿಯಲ್ಲಿ ಭಾರತ 381 ನಾಗರಿಕ ಕೈದಿಗಳ ಮತ್ತು 81 ಮೀನುಗಾರರ ಹೆಸರು ಕೊಟ್ಟಿತು. ಪಾಕಿಸ್ತಾನದ ಪಟ್ಟಿಯಲ್ಲಿ 49 ನಾಗರಿಕರು, 217 ಮೀನುಗಾರರು ಇದ್ದರು.

ಗುಜರಾತ್, ದಿಯು ಕಡೆಯ ದೋಣಿಗಳು ಮೀನಿನ ಬೆನ್ನು ಹತ್ತಿ ಹೋಗುತ್ತವೆ. ಗಡಿಯ ಸರ್ ಕ್ರೀಕ್ ಎಂಬ ಅಳಿವೆಯ ವಿವಾದ ಬಗೆಹರಿಯದೆ ಅಲ್ಲಿ ಎರಡೂ ದೇಶ ಒಪ್ಪಿದ ಕಡಲಗಡಿಯೇ ಇಲ್ಲ. ಗಸ್ತು ಹಡಗು ಎದುರಾದರೆ ದೋಣಿ ಜಪ್ತಿ, ಆಳುಗಳಿಗೆ ಜೈಲು. ಬಂಧನವಾದ ಮೂರು ತಿಂಗಳೊಳಗೆ ಅವರ ದೇಶದ ಅಧಿಕಾರಿಗಳ ಭೇಟಿಗೆ ಅವಕಾಶ ಕೊಡಬೇಕು. ಶಿಕ್ಷೆ ಮುಗಿದು ರಾಷ್ಟ್ರೀಯತೆ ಖಚಿತವಾದ ಒಂದು ತಿಂಗಳೊಳಗೆ ಊರಿಗೆ ಕಳಿಸಬೇಕು. ಒಪ್ಪಂದದಲ್ಲಿರುವುದು ಹೀಗೆ.

ಆಗುವುದು ಬೇರೆ. ಬಲೆ ಎಳೆಯುವವನು ತಾನು ಯಾವ ದೇಶದವನೆಂದು ಹೇಳಿಕೊಂಡರೆ ಸಾಲದು. ಅದನ್ನು ಅವನ ಸರ್ಕಾರ ದೃಢಪಡಿಸಬೇಕು, ಹಿಡಿದಿಟ್ಟ ಸರ್ಕಾರ ಒಪ್ಪಬೇಕು. ಸಂಬಂಧ ಹದಗೆಟ್ಟಾಗ ಕಡತ ಅಲ್ಲಾಡುವುದಿಲ್ಲ. ಸೌಹಾರ್ದ ತೋರಿಸುವ ಸಂದರ್ಭ ಬಂದಾಗ ಗುಂಪುಗುಂಪಾಗಿ ಬಿಡುಗಡೆಯಾಗುತ್ತದೆ. ಇಲ್ಲಿ ತಡವಾದರೆ ಯಾವ ರಾಜಧಾನಿಗೂ ನಷ್ಟವಿಲ್ಲ, ಒಂದು ಬಡಕುಟುಂಬದ ದುಡಿಮೆ ನಿಲ್ಲುತ್ತದೆ ಅಷ್ಟೆ. 2025ರ ಜನವರಿಯ ಆ ಪಟ್ಟಿಯ ಜೊತೆಗೇ, ಶಿಕ್ಷೆ ಮುಗಿದೂ ಒಳಗಿರುವ 183 ಭಾರತೀಯರನ್ನು ಬೇಗ ಬಿಡಿ ಎಂದು ನಮ್ಮ ವಿದೇಶಾಂಗ ಸಚಿವಾಲಯ ಕೇಳಬೇಕಾಯಿತು.