ಷಟ್‌ಸ್ಥಲ ಗ್ರಂಥಮಾಲೆಗೆ ಮುಖಪುಟ: ಮಲೆನಾಡು ಕಲಿಸುವ ಪಾಠ

ನಮ್ಮ ಮನೆಗಳ ದೇವರಕೋಣೆಯ ಪಕ್ಕದ ಕಪಾಟನ್ನು ಒಮ್ಮೆ ತೆರೆದು ನೋಡೋಣ. ಅಲ್ಲಿ ಷಟ್‌ಸ್ಥಲವನ್ನು ಕುರಿತ ಗ್ರಂಥಗಳಿರುತ್ತವೆ, ಬೆಡಗಿನ ವಚನಗಳ ವ್ಯಾಖ್ಯಾನಗಳಿರುತ್ತವೆ, ಶಿವಯೋಗವನ್ನು ವಿವರಿಸುವ ಕಿರುಹೊತ್ತಿಗೆಗಳಿರುತ್ತವೆ. ಜಾತ್ರೆಯಲ್ಲಿ ಕೊಂಡದ್ದು ಒಂದು, ಮದುವೆಯಲ್ಲಿ ಉಡುಗೊರೆಯಾಗಿ ಬಂದದ್ದು ಇನ್ನೊಂದು, ಮಠಕ್ಕೆ ಹೋದಾಗ ಪ್ರಸಾದದೊಡನೆ ದೊರೆತದ್ದು ಮತ್ತೊಂದು. ಒಂದರ ಮುಖಪುಟದಲ್ಲಿ ಮಿಂಚಿನ ನಡುವೆ ಕುಳಿತ ಧ್ಯಾನಸ್ಥ. ಇನ್ನೊಂದರಲ್ಲಿ ಹೆಡೆಯೆತ್ತಿದ ಸರ್ಪ. ಮತ್ತೊಂದರಲ್ಲಿ ಹಿಮಗಿರಿಯ ಮೇಲೆ ಮೂಡುವ ಸೂರ್ಯ. ಒಂದೇ ಗ್ರಂಥಮಾಲೆಯ ಮೊದಲ ಭಾಗವೂ ಮೂರನೆಯ ಭಾಗವೂ ಒಂದಕ್ಕೊಂದು ಪರಿಚಯವೇ ಇಲ್ಲದಂತೆ ದೂರದೂರ ನಿಂತಿರುತ್ತವೆ. ಎರಡನೆಯ ಭಾಗ ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ. ಅದು ಇಲ್ಲವೆಂಬುದೇ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ.

ಇದು ಅಂದಚೆಂದದ ಮಾತಷ್ಟೇ ಅಲ್ಲ. ಅನುಭಾವದ ಗೂಢಗ್ರಂಥವನ್ನು ಕೈಗೆತ್ತಿಕೊಳ್ಳುವ ಮಕ್ಕಳು ಮೊದಲು ಕಾಣುವುದು ಅದರ ಮುಖಪುಟವನ್ನು. ಅದು ಮಾಟಮಂತ್ರದ ಪುಸ್ತಕದಂತೆ ತೋರಿದರೆ ಅಂಜಿ ಕೆಳಗಿಡುತ್ತಾರೆ. ಚಮತ್ಕಾರದ ಆಸೆಯಿಂದ ಕೊಂಡವರು ಒಳಗೆ ಆಚಾರ, ವಿಚಾರ, ಕಾಯಕಗಳ ಮಾತನ್ನು ಕಂಡು ನಿರಾಶೆಯಿಂದ ಮುಚ್ಚಿಡುತ್ತಾರೆ. ಹೇಗಾದರೂ ಪುಸ್ತಕ ಓದದೆ ಉಳಿಯುತ್ತದೆ. ಹಾಗಾದರೆ ಗೂಢವಿಷಯದ ಗ್ರಂಥಮಾಲೆಗೆ ಹೊದಿಕೆ ಹೇಗಿರಬೇಕು? ಸಾಗರ, ಹೊಸನಗರ, ತೀರ್ಥಹಳ್ಳಿಗಳ ನೆಲದಲ್ಲಿಯೇ ಇದಕ್ಕೆ ಉತ್ತರವಿದೆಯೆಂಬುದು ಈ ಲೇಖನದ ಆಶಯ.

ಓಲೆಗರಿಯ ಹೊದಿಕೆ

ಮುದ್ರಣ ಬರುವ ಮುನ್ನ ನಮ್ಮ ಶಾಸ್ತ್ರಗ್ರಂಥಗಳು ಓಲೆಗರಿಗಳಲ್ಲಿ ಬದುಕಿದ್ದವು. ಕಂಟದಿಂದ ಕೊರೆದು, ಮಸಿ ತೀಡಿ, ರಂಧ್ರದಲ್ಲಿ ದಾರ ಪೋಣಿಸಿ, ಮೇಲೆ ಕೆಳಗೆ ಎರಡು ಮರದ ಹಲಗೆಗಳನ್ನಿಟ್ಟು ಕಟ್ಟುತ್ತಿದ್ದರು. ಆ ಕಟ್ಟಿಗೆ ಬಟ್ಟೆಯ ಹೊದಿಕೆ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಇಂತಹ ಓಲೆಗರಿಗಳನ್ನು ಇಂದಿಗೂ ನೋಡಬಹುದು. ಆ ಹಲಗೆಯ ಕೆಲಸ ಎರಡು: ಒಳಗಿನ ಗರಿಗಳನ್ನು ಕಾಪಾಡುವುದು ಮತ್ತು ಅವುಗಳ ಕ್ರಮ ತಪ್ಪದಂತೆ ಹಿಡಿದಿಡುವುದು. ಗೂಢವಾದುದನ್ನು ಸಾರಿ ಹೇಳುವ ಕೆಲಸ ಅದರದಾಗಿರಲಿಲ್ಲ.

ಕ್ರಮದ ವಿಷಯದಲ್ಲಿ ಕೆಳದಿಯ ಇನ್ನೊಂದು ನಿದರ್ಶನವೂ ಸ್ಮರಣೀಯ. ಕೆಳದಿಯ ಅರಸ ಬಸಪ್ಪ ನಾಯಕರು 1709ರಲ್ಲಿ ರಚಿಸಿದ ಸಂಸ್ಕೃತ ವಿಶ್ವಕೋಶಕ್ಕೆ ‘ಶಿವತತ್ತ್ವರತ್ನಾಕರ’ ಎಂದು ಹೆಸರು. ರತ್ನಾಕರವೆಂದರೆ ಸಮುದ್ರ. ಅದಕ್ಕೆ ತಕ್ಕಂತೆ ಅದರ ದೊಡ್ಡ ಭಾಗಗಳಿಗೆ ‘ಕಲ್ಲೋಲ’, ಚಿಕ್ಕ ಭಾಗಗಳಿಗೆ ‘ತರಂಗ’ ಎಂಬ ಹೆಸರುಗಳು. ಹೆದ್ದೆರೆಯೊಳಗೆ ಕಿರುದೆರೆ. ಇಡೀ ಗ್ರಂಥದ ಒಂದು ರೂಪಕ ಅದರ ಪ್ರತಿಯೊಂದು ಅಂಗದಲ್ಲಿಯೂ ಹರಿದಿದೆ. ಗ್ರಂಥಮಾಲೆಗೆ ಏಕರೂಪತೆಯೆಂದರೆ ಇದೇ: ಭಾಗಗಳು ಬೇರೆ, ಉಸಿರು ಒಂದು.

ಮುದ್ರಣಯುಗದಲ್ಲಿಯೂ ಇಂತಹ ಪ್ರಯತ್ನಗಳಾಗಿವೆ. ಡಾ. ಫ.ಗು. ಹಳಕಟ್ಟಿಯವರು ಮನೆಮನೆ ಅಲೆದು ಓಲೆಗರಿ ಸಂಗ್ರಹಿಸಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು 1923ರಲ್ಲಿ ಬೆಳಕಿಗೆ ತಂದರು. ಅದಾದ 70 ವರ್ಷಗಳ ಮೇಲೆ, 1993ರಲ್ಲಿ, ಕರ್ನಾಟಕ ಸರ್ಕಾರ ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ‘ಸಮಗ್ರ ವಚನ ಸಂಪುಟ’ವನ್ನು 15 ಸಂಪುಟಗಳಲ್ಲಿ ಹೊರತಂದಿತು. ಅಷ್ಟೂ ಸಂಪುಟಗಳನ್ನು ಒಟ್ಟಿಗೆ ಸಾಲಾಗಿ ಇಟ್ಟ ಮನೆಯಲ್ಲಿ ಅತಿಥಿಯ ಕಣ್ಣಿಗೆ ಮೊದಲು ಬೀಳುವುದು ‘ಇದು ಒಂದು ಕುಟುಂಬ’ ಎಂಬ ಭಾವ. ಪಶ್ಚಿಮದಲ್ಲಿಯೂ 1935ರಲ್ಲಿ ಲಂಡನ್ನಿನ ಪೆಂಗ್ವಿನ್ ಪ್ರಕಾಶನದವರು ಕಥೆ ಕಾದಂಬರಿಗೆ ಕಿತ್ತಳೆ, ಪತ್ತೇದಾರಿಗೆ ಹಸಿರು, ಜೀವನಚರಿತ್ರೆಗೆ ನೀಲಿ ಎಂದು ಬಣ್ಣ ಗೊತ್ತುಮಾಡಿ, ಚಿತ್ರವೇ ಇಲ್ಲದ ಮುಖಪುಟಗಳಿಂದ ಓದುಗರ ಮನ ಗೆದ್ದರು. ಏಕರೂಪತೆಗೆ ಬಹಳ ಹಣ ಬೇಕಿಲ್ಲ. ಬಹಳ ವಿಚಾರ ಬೇಕು.

ಶಾಸ್ತ್ರವೇ ಕೊಟ್ಟಿರುವ ವಿನ್ಯಾಸ

ಷಟ್‌ಸ್ಥಲವನ್ನು ಕುರಿತು ಆರು ಹೊತ್ತಿಗೆಗಳ ಮಾಲೆಯೊಂದನ್ನು ಯಾವುದಾದರೊಂದು ಮಠವೋ ಬಳಗವೋ ತರಬೇಕೆಂದಿದೆಯೆನ್ನೋಣ. ಚಿತ್ರಕಾರನಿಗೆ ಹೊಸದಾಗಿ ಏನನ್ನೂ ಕಲ್ಪಿಸುವ ಅಗತ್ಯವಿಲ್ಲ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಿಗೆ ಕ್ರಮವಾಗಿ ಆಚಾರಲಿಂಗ, ಗುರುಲಿಂಗ, ಶಿವಲಿಂಗ, ಜಂಗಮಲಿಂಗ, ಪ್ರಸಾದಲಿಂಗ, ಮಹಾಲಿಂಗ ಎಂಬ ಆರು ಲಿಂಗಗಳು. ಅವುಗಳಿಗೆ ಆಧಾರ, ಸ್ವಾಧಿಷ್ಠಾನ, ಮಣಿಪೂರಕ, ಅನಾಹತ, ವಿಶುದ್ಧಿ, ಆಜ್ಞಾ ಎಂಬ ಆರು ಚಕ್ರಗಳು. ಆ ಚಕ್ರಕಮಲಗಳ ದಳಗಳು 4, 6, 10, 12, 16 ಮತ್ತು 2. ಮೊದಲ ಐದಕ್ಕೆ ಪೃಥ್ವಿ, ಅಪ್ಪು, ತೇಜ, ವಾಯು, ಆಕಾಶಗಳೆಂಬ ತತ್ತ್ವಗಳು, ಆರನೆಯದಕ್ಕೆ ಆತ್ಮ. ನಕಾರ ಮಕಾರಾದಿ ಷಡಕ್ಷರಗಳೂ ಇದೇ ಕ್ರಮದಲ್ಲಿ ನೆಲೆಗೊಳ್ಳುತ್ತವೆ. ಎಲ್ಲ ದಳಗಳನ್ನೂ ಕೂಡಿದರೆ 50. ಸಂಪ್ರದಾಯದಲ್ಲಿ ಮಾತೃಕಾಕ್ಷರಗಳ ಸಂಖ್ಯೆಯೂ ಅದೇ. ಆರು ಹೊತ್ತಿಗೆಗಳೂ ಸೇರಿದಾಗಲೇ ಅಕ್ಷರಮಾಲೆ ಪೂರ್ಣವಾಗುತ್ತದೆ. ಇದಕ್ಕಿಂತ ಉತ್ತಮವಾದ ಮಾಲಾವಿನ್ಯಾಸವನ್ನು ಯಾವ ಕಲಾಶಾಲೆಯೂ ಕೊಡಲಾರದು.

ಇಲ್ಲೊಂದು ಎಚ್ಚರವಿದೆ. ದಳಗಳು ನಾಲ್ಕರಿಂದ ಹದಿನಾರರವರೆಗೆ ಏರಿ, ಕಡೆಯಲ್ಲಿ ಎರಡಕ್ಕೆ ಇಳಿಯುತ್ತವೆ. ಗ್ರಂಥವನ್ನು ಓದದ ಚಿತ್ರಕಾರ ಆರನೆಯ ಹೊತ್ತಿಗೆಗೆ ಎಲ್ಲಕ್ಕಿಂತ ಹೆಚ್ಚು ಚಿನ್ನದ ಬಣ್ಣ, ಹೆಚ್ಚು ಕಿರಣ, ಹೆಚ್ಚು ಅಲಂಕಾರ ತುಂಬುತ್ತಾನೆ. ಅದು ಶಿಖರವಲ್ಲವೇ ಎಂದುಕೊಳ್ಳುತ್ತಾನೆ. ಗ್ರಂಥವನ್ನು ಓದಿದವನು ಅದನ್ನೇ ಎಲ್ಲಕ್ಕಿಂತ ಬರಿದಾಗಿ ಬಿಡುತ್ತಾನೆ. ಐಕ್ಯವೆಂದರೆ ಕೂಡಿಸಿಕೊಳ್ಳುವುದಲ್ಲ, ಬಯಲಾಗುವುದು. ಆದುದರಿಂದ ಮುಖಪುಟ ಬರೆಯುವವನಿಗೆ ಮೊದಲು ಹಸ್ತಪ್ರತಿಯನ್ನು ಕೊಡಬೇಕು. ಬಣ್ಣದ ಮಾತು ಆಮೇಲೆ.

ಬಣ್ಣದ ಬಗೆಗೂ ಒಂದು ಮಾತು. ಚಕ್ರಗಳಿಗೆ ಕಾಮನಬಿಲ್ಲಿನ ಏಳು ಬಣ್ಣಗಳನ್ನು ಕ್ರಮವಾಗಿ ಹಚ್ಚುವ ಪದ್ಧತಿ ಈಗ ಎಲ್ಲೆಲ್ಲೂ ಕಾಣುತ್ತದೆ. ಅದು 20ನೆಯ ಶತಮಾನದಲ್ಲಿ ಪಶ್ಚಿಮದ ಲೇಖಕರಿಂದ ಪ್ರಚಾರಕ್ಕೆ ಬಂದದ್ದು. ನಮ್ಮ ಶಾಸ್ತ್ರಗ್ರಂಥಗಳ ವರ್ಣಕ್ರಮವಲ್ಲ. ಅದನ್ನು ಕಣ್ಣುಮುಚ್ಚಿ ನಕಲು ಮಾಡಿದರೆ ಒಳಗಿನ ಗ್ರಂಥವೊಂದು ಹೇಳಿ ಹೊರಗಿನ ಹೊದಿಕೆ ಇನ್ನೊಂದು ಹೇಳುತ್ತದೆ.

ಮೂರು ತಾಲ್ಲೂಕು, ಮೂರು ಪಾಠ

ಹಾಗಾದರೆ ಬಣ್ಣ ಎಲ್ಲಿಂದ ತರಬೇಕು? ಸಾಗರ ಸೀಮೆಯ ದೀವರ ಮನೆಗಳ ಗೋಡೆಗಳನ್ನು ನೋಡಬೇಕು. ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ತಾಯಂದಿರು ಪುಂಡಿನಾರಿನ ಕುಂಚದಿಂದ ಹಸೆ ಚಿತ್ತಾರ ಬರೆಯುತ್ತಾರೆ. ಅಕ್ಕಿ ಅರೆದ ಬಿಳಿ, ಅಕ್ಕಿ ಹುರಿದು ಸುಟ್ಟ ಕಪ್ಪು, ಗುರಿಗೆಕಾಯಿಯ ಹಳದಿ, ನೆಲದ ಕೆಂಪು, ಬಣ್ಣಗಳು ಇಷ್ಟೇ. ಆದರೂ ಮದುವೆಯ ಹಸೆಗೋಡೆಯಿಂದ ಭೂಮಿ ಹುಣ್ಣಿಮೆಯ ಭೂಮಣ್ಣಿ ಬುಟ್ಟಿಯವರೆಗೆ ಎಲ್ಲಿ ಕಂಡರೂ ಅದು ಚಿತ್ತಾರವೆಂದು ಗುರುತು ಸಿಗುತ್ತದೆ. ಬಣ್ಣ ಕಡಿಮೆಯಾದಷ್ಟೂ ಗುರುತು ಗಟ್ಟಿಯಾಗುತ್ತದೆಯೆಂಬುದು ಸಾಗರದ ಪಾಠ. ಆದರೆ ಹಸೆಯ ಚಿತ್ತಾರವನ್ನು ಇದ್ದಂತೆಯೇ ಎತ್ತಿ ಮುಖಪುಟಕ್ಕೆ ಅಂಟಿಸುವುದು ಸಲ್ಲದು. ಅದು ಆ ಜನರ ಮಂಗಲಕಾರ್ಯಕ್ಕೆ ಸೇರಿದ್ದು. ಅಂಚಿನ ಎಳೆಗಳನ್ನು ಬರೆಸಿಕೊಳ್ಳುವುದಾದರೆ ಬರೆದ ತಾಯಿಯ ಹೆಸರು ಪುಸ್ತಕದಲ್ಲಿ ಅಚ್ಚಾಗಬೇಕು, ಆಕೆಯ ಕೈಗೆ ತಕ್ಕ ಸಂಭಾವನೆ ಸಲ್ಲಬೇಕು. ಕಾಯಕವನ್ನು ಕುರಿತ ಪುಸ್ತಕದ ಹೊದಿಕೆಯಲ್ಲಿಯೇ ಕಾಯಕಕ್ಕೆ ಅಪಚಾರವಾಗಬಾರದು.

ಹೊಸನಗರ ತಾಲ್ಲೂಕಿನ ನಗರ, ಅಂದಿನ ಬಿದನೂರು, 1763ರಲ್ಲಿ ಹೈದರಾಲಿಯ ವಶವಾಗುವವರೆಗೆ ಕೆಳದಿ ಅರಸರ ರಾಜಧಾನಿಯಾಗಿತ್ತು. ಅದರ ಸಮೀಪದಲ್ಲಿ ದೇವಗಂಗೆಯ ಕೊಳಗಳಿವೆ. ಒಂದೊಂದು ಕೊಳಕ್ಕೆ ಒಂದೊಂದು ಆಕಾರ, ಆದರೆ ಎಲ್ಲದರಲ್ಲಿಯೂ ನಿಂತಿರುವುದು ಅದೇ ಬೆಟ್ಟದ ತಿಳಿನೀರು. ಗ್ರಂಥಮಾಲೆಗೂ ಹೀಗೆಯೇ. ಪುಸ್ತಕದ ಅಳತೆ, ಹೆಸರು ಕೂರುವ ಜಾಗ, ಅಕ್ಷರದ ಮೈಕಟ್ಟು, ಅಂಚು ಇವೆಲ್ಲ ಆರಕ್ಕೂ ಒಂದೇ; ನಡುವಿನ ಕಮಲ ಮಾತ್ರ ದಳದ ಲೆಕ್ಕದಂತೆ ಬೇರೆ ಬೇರೆ. ಎಲ್ಲವೂ ಬದಲಾದರೆ ಮಾಲೆಯಿಲ್ಲ. ಏನೂ ಬದಲಾಗದಿದ್ದರೆ ಯಾವ ಭಾಗವೆಂದು ತಿಳಿಯುವುದಿಲ್ಲ.

ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗವನ್ನು ಹತ್ತಿದವರಿಗೆ ಮೂರನೆಯ ಪಾಠ ಕಾಲಿಗೇ ತಿಳಿಯುತ್ತದೆ. ಕಲ್ಲುಹಾಸಿನ ದಾರಿಯಲ್ಲಿ ಒಂದು ಬಾಗಿಲು ದಾಟಿದ ಮೇಲೆಯೇ ಮತ್ತೊಂದು ಬಾಗಿಲು. ಒಳಗೆ ಕಾಶಿ ವಿಶ್ವನಾಥನ ಗುಡಿ, ಅರಮನೆಯ ಅಡಿಪಾಯ, ಅಡಿಗೆಮನೆಯ ಕಲ್ಲಿನ ಒಲೆ. ಅವೆಲ್ಲವನ್ನೂ ಬಿಟ್ಟು ನೆತ್ತಿಗೇರಿದರೆ ಅಲ್ಲಿರುವುದು ಒಂದು ಪುಟ್ಟ ಗುಡಿ ಮತ್ತು ಸುತ್ತಲೂ ಬರಿ ಬಯಲು. ಸ್ಥಲದಿಂದ ಸ್ಥಲಕ್ಕೆ ಏರುವ ಸಾಧಕನ ದಾರಿಯೂ ಇದೇ. ಹೊದಿಕೆಯನ್ನು ನೋಡಿದಾಗ ಇದು ಎಷ್ಟನೆಯ ಬಾಗಿಲು, ಹಿಂದೆ ಯಾವುದು, ಮುಂದೆ ಯಾವುದು ಎಂಬುದು ಓದುಗನಿಗೆ ಹೊಳೆಯಬೇಕು. ಗೂಢಗ್ರಂಥಗಳಲ್ಲಿ ಇದು ಅತ್ಯಂತ ಮುಖ್ಯ. ಕಥಾಸಂಕಲನದಂತೆ ಅವನ್ನು ಎಲ್ಲಿಂದಲಾದರೂ ಓದತೊಡಗಿದರೆ ತಿಳಿವಿಗಿಂತ ಗೊಂದಲವೇ ಹೆಚ್ಚು.

ಏನನ್ನು ಹಾಕಬಾರದು?

ಭಕ್ತಿಯ ಭರದಲ್ಲಿ ನಾವು ಮುಖಪುಟಕ್ಕೆ ಇಷ್ಟಲಿಂಗದ ಚಿತ್ರವನ್ನೋ ಷಡಕ್ಷರ ಮಂತ್ರವನ್ನೋ ಹಾಕಿಸುತ್ತೇವೆ. ಆ ಪುಸ್ತಕದ ಮುಂದಿನ ಗತಿಯನ್ನು ಯೋಚಿಸಬೇಕು. ಅದು ಬಸ್ಸಿನ ಸೀಟಿನ ಕೆಳಗೆ ಬೀಳುತ್ತದೆ. ಮಗುವಿನ ಕಾಲಿಗೆ ತಗಲುತ್ತದೆ. ಕಡೆಗೊಂದು ದಿನ ಹಳೆಯ ಪೇಪರಿನ ಕಟ್ಟಿನೊಡನೆ ತೂಕಕ್ಕೆ ಹೋಗುತ್ತದೆ. ಅಂಗೈಯಲ್ಲಿ ಪೂಜೆಗೊಳ್ಳುವುದು ರದ್ದಿಯಲ್ಲಿ ಮಲಗಬಾರದೆಂದರೆ ಹೊದಿಕೆಯಲ್ಲಿ ಕಮಲದ ದಳಗಳಷ್ಟೇ ಇರಲಿ. ಬೀಜಾಕ್ಷರ ಒಳಗಿನ ಶೀರ್ಷಿಕೆಯ ಪುಟದಲ್ಲಿರಲಿ. ತೆರೆದವನಿಗೆ ಅದು ದೊರೆಯುತ್ತದೆ. ಗೋಪ್ಯವೆಂದರೆ ಬಚ್ಚಿಡುವುದಲ್ಲ, ತಕ್ಕ ಜಾಗದಲ್ಲಿ ಇಡುವುದು.

ಶರಣರ ಭಾವಚಿತ್ರಗಳ ವಿಷಯವೂ ಹಾಗೆಯೇ. 12ನೆಯ ಶತಮಾನದ ಶರಣರ ಸಮಕಾಲೀನ ಚಿತ್ರಗಳು ನಮಗೆ ಉಳಿದುಬಂದಿಲ್ಲ. ಇಂದು ನಾವು ಕಾಣುವವು ಕಲಾವಿದರ ಭಕ್ತಿಪೂರ್ವಕ ಕಲ್ಪನೆಗಳು. ಗೋಡೆಯ ಪಟಕ್ಕೆ ಅವು ಒಪ್ಪುತ್ತವೆ. ತತ್ತ್ವಗ್ರಂಥದ ಮೇಲೆ ಬಂದಾಗ ಮಾತ್ರ ತತ್ತ್ವ ಹಿಂದಾಗಿ ಮುಖ ಮುಂದಾಗುತ್ತದೆ.

ಅಚ್ಚುಕೂಟದಲ್ಲಿ

ಇನ್ನು ವ್ಯಾವಹಾರಿಕ ಸಂಗತಿಗಳು. ಆರೂ ಹೊತ್ತಿಗೆಗಳು ಒಂದೇ ಆಕಾರದಲ್ಲಿರಲಿ. ಡೆಮಿ 1/8 ನಮ್ಮ ಕಪಾಟುಗಳಿಗೆ ಒಗ್ಗಿದ ಅಳತೆ. 200 ಪುಟವೆಂದರೆ 100 ಹಾಳೆ. ಸಾಧಾರಣ ಕಾಗದದಲ್ಲಿ ಬೆನ್ನಿನ ದಪ್ಪ ಸುಮಾರು 10 ಮಿಲಿಮೀಟರ್. ಅಷ್ಟರಲ್ಲಿ ಹೆಸರು, ಭಾಗದ ಸಂಖ್ಯೆ, ಪುಟ್ಟ ಕಮಲ ಮೂರೂ ಹಿಡಿಸಬೇಕು. ಹೆಸರು ಮೇಲಿನಿಂದ ಕೆಳಕ್ಕೆ ಓಡಲಿ. ಪುಸ್ತಕವನ್ನು ಮುಖ ಮೇಲಾಗಿ ಮಲಗಿಸಿದಾಗ ಅಕ್ಷರ ನೆಟ್ಟಗೆ ಓದಿಸಿಕೊಳ್ಳುತ್ತದೆ. ಒಂದರಲ್ಲಿ ಮೇಲಿನಿಂದ, ಇನ್ನೊಂದರಲ್ಲಿ ಕೆಳಗಿನಿಂದ ಎಂದಾಗದಂತೆ ನೋಡಿಕೊಳ್ಳಬೇಕು.

ನಮ್ಮ ಲಿಪಿಗೆ ಮೇಲೆ ಗುಡಿಸು, ಕೆಳಗೆ ಒತ್ತು. ‘ಷಟ್‌ಸ್ಥಲ’, ‘ಪ್ರಾಣಲಿಂಗಿ’, ‘ಐಕ್ಯ’ ಎಂಬ ಹೆಸರುಗಳನ್ನು ಇಕ್ಕಟ್ಟಿನಲ್ಲಿ ಕೂರಿಸಿದರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಗಲುತ್ತವೆ. ಆದ್ದರಿಂದ ಆರು ಹೆಸರುಗಳಲ್ಲಿ ಅತಿ ಉದ್ದವಾದುದನ್ನೂ ಅತಿ ಹೆಚ್ಚು ಒತ್ತುಗಳಿರುವುದನ್ನೂ ಮೊದಲು ಕೂರಿಸಿ ನೋಡಿ, ಆಮೇಲೆ ಉಳಿದವಕ್ಕೆ ಅದೇ ಅಳತೆ ಕೊಡಬೇಕು. ಎರಡೇ ಬಣ್ಣದಲ್ಲಿ ಅಚ್ಚು ಹಾಕಿಸಿದರೆ ಖರ್ಚು ಇಳಿಯುತ್ತದೆ, ಗಾಂಭೀರ್ಯ ಉಳಿಯುತ್ತದೆ. ಆರೂ ಮುಖಪುಟಗಳನ್ನು ಒಂದೇ ಬಾರಿಗೆ ಅಚ್ಚು ಮಾಡಿಸಿಡುವುದು ಜಾಣತನ. ವರ್ಷಕ್ಕೊಂದರಂತೆ ಮಾಡಿಸಿದರೆ ಕೆಂಪು ಪ್ರತಿಸಲವೂ ಬೇರೆ ಕೆಂಪಾಗುತ್ತದೆ. ಬೆನ್ನಿನ ಅಳತೆ ತಪ್ಪದಂತೆ ಪುಟಗಳ ಲೆಕ್ಕವನ್ನು ಮಾತ್ರ ಮೊದಲೇ ಗೊತ್ತುಮಾಡಿಕೊಂಡಿರಬೇಕು. ಮಲೆನಾಡಿನ ಮಳೆಗಾಲದಲ್ಲಿ ಬಿಳಿಯ ಹೊದಿಕೆಗೆ ಬೂಷ್ಟು ಬೇಗ ಕಾಣುತ್ತದೆ. ಕೆಮ್ಮಣ್ಣಿನ ಬಣ್ಣ ಇಲ್ಲಿಯೂ ಅನುಕೂಲವೇ.

ನಮ್ಮ ಮನೆಯ ಕೆಲಸ

ಗ್ರಂಥಮಾಲೆ ತರುವ ಭಾಗ್ಯ ಎಲ್ಲರಿಗೂ ಇಲ್ಲ. ಮನೆಯ ಕಪಾಟನ್ನು ಓರಣ ಮಾಡುವ ಭಾಗ್ಯ ಎಲ್ಲರಿಗೂ ಇದೆ. ಬರುವ ಶ್ರಾವಣಕ್ಕೆ ಮುಂಚೆ ಒಂದು ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಷಟ್‌ಸ್ಥಲದ ಪುಸ್ತಕಗಳನ್ನು ಹೊರತೆಗೆಯಿರಿ. ಧೂಳು ಒರೆಸಿ, ಎಲ್ಲಕ್ಕೂ ಒಂದೇ ಬಗೆಯ ಕಾಗದದ ರಟ್ಟು ಹಾಕಿರಿ. ಬೆನ್ನಿನ ಮೇಲೆ ಮಗುವಿನ ಕೈಯಿಂದಲೇ ಸ್ಥಲದ ಹೆಸರು ಬರೆಯಿಸಿ, 4, 6, 10, 12, 16, 2 ದಳಗಳ ಕಮಲಗಳನ್ನು ಬಿಡಿಸಲು ಹೇಳಿರಿ. ಹದಿನಾರು ದಳ ಬರೆದು ದಣಿದ ಮಗು ಕಡೆಯದಕ್ಕೆ ಬಂದಾಗ ‘ಇದಕ್ಕೇಕೆ ಎರಡೇ?’ ಎಂದು ಕೇಳದೆ ಇರದು. ಉತ್ತರ ಹೇಳಲು ನಾವು ಆ ಪುಸ್ತಕವನ್ನು ತೆರೆಯಬೇಕಾಗುತ್ತದೆ. ಹೊದಿಕೆ ಮಾಡಬೇಕಾದ ಕೆಲಸವೂ ಅಷ್ಟೇ.