ಕಾಣದ ಗಾಯ

ರಣರಂಗದಲ್ಲಿ ಕದನ ನಿಂತರೂ ಕೆಲವು ಯೋಧರ ಪಾಲಿಗೆ ಯುದ್ಧವು ಮುಗಿಯುವುದಿಲ್ಲ. ಮೈಮೇಲಿನ ಗಾಯ ಮಾಯ್ದರೂ ಮನಸ್ಸಿನ ಗಾಯ ಹಸಿಯಾಗಿಯೇ ಉಳಿಯುತ್ತದೆ. ಬಾಗಿಲು ರಪ್ಪನೆ ಮುಚ್ಚಿಕೊಂಡರೆ ಸಾಕು, ಅವರಿಗೆ ಗುಂಡಿನ ಸದ್ದು ಕೇಳಿದಂತಾಗಿ ಎದೆ ಡವಗುಟ್ಟುತ್ತದೆ. ಇದು ಹೇಡಿತನವಲ್ಲ, ಬೇನೆ.

ಇದನ್ನು ಅರಿಯಲು ಜಗತ್ತಿಗೆ ಬಹುಕಾಲ ಹಿಡಿಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಇದನ್ನು ‘ಶೆಲ್ ಶಾಕ್’ ಎಂದು ಕರೆದರು. ಆ ಯುದ್ಧದಲ್ಲಿ ಹೇಡಿತನ, ಪಲಾಯನ ಮೊದಲಾದ ಆರೋಪಗಳ ಮೇಲೆ ಗುಂಡಿಗೆ ಬಲಿಯಾದ 306 ಮಂದಿ ಸೈನಿಕರಿಗೆ ಬ್ರಿಟನ್ ಕ್ಷಮೆಯಿತ್ತದ್ದು 2006ರಲ್ಲಿ! ಅವರಲ್ಲಿ ಕೆಲವರು ಈ ಬೇನೆಯಿಂದ ನರಳಿದವರು. ವಿಯಟ್ನಾಂ ಯುದ್ಧದ ಅನಂತರ, 1980ರಲ್ಲಿ, ಅಮೆರಿಕದ ಮನೋವೈದ್ಯರ ಸಂಘವು ಇದನ್ನು ‘ಆಘಾತೋತ್ತರ ಒತ್ತಡದ ಬೇನೆ’ ಎಂಬ ಅರ್ಥದ ಹೆಸರಿನಿಂದ ತನ್ನ ರೋಗಪಟ್ಟಿಗೆ ಸೇರಿಸಿತು.

ಈ ಬೇನೆಗೊಳಗಾದವನು ಕಹಿ ನೆನಪನ್ನು ಕೆಣಕುವ ಎಲ್ಲದರಿಂದಲೂ ದೂರ ಓಡುತ್ತಾನೆ. ಓಡಿದಷ್ಟೂ ಭಯ ಬೆಳೆಯುತ್ತದೆ. ನೀರಿಗೆ ಅಂಜುವ ಬಾಲಕನು ದಡದಲ್ಲಿಯೇ ಕುಳಿತರೆ ಅಂಜಿಕೆ ಹೋಗುವುದುಂಟೆ? ಬಲ್ಲವರ ಕೈಹಿಡಿದು ಮೊದಲು ಪಾದ ಮುಳುಗುವಷ್ಟು, ಅನಂತರ ಮೊಣಕಾಲು ಮುಳುಗುವಷ್ಟು ನೀರಿಗೆ ಇಳಿಯಬೇಕು. ಚಿಕಿತ್ಸೆಯ ಕ್ರಮವೂ ಇಂಥದೇ. ಯೋಧನು ಸುರಕ್ಷಿತವಾದ ಕೋಣೆಯಲ್ಲಿ ಕುಳಿತು, ನಡೆದುದನ್ನು ಮನಸ್ಸಿಗೆ ತಂದುಕೊಂಡು ಮತ್ತೆ ಮತ್ತೆ ಹೇಳುತ್ತಾನೆ. ಹಾಗೆ ತಂದುಕೊಳ್ಳುವುದೇ ಕಷ್ಟವಾದವರಿಗೆ ನೆರವಾಗಲೆಂದು ಹುಟ್ಟಿದ್ದು ವರ್ಚುವಲ್ ರಿಯಾಲಿಟಿ ಚಿಕಿತ್ಸೆ. ನಿಜವೆಂಬಂತೆ ತೋರುವ ಕೃತಕ ಜಗತ್ತೇ ವರ್ಚುವಲ್ ರಿಯಾಲಿಟಿ.

1997ರಲ್ಲಿ ಅಮೆರಿಕದ ಅಟ್ಲಾಂಟಾ ನಗರದಲ್ಲಿ ಮನೋವಿಜ್ಞಾನಿ ಬಾರ್ಬರಾ ರಾತ್‌ಬಾಮ್, ಕಂಪ್ಯೂಟರ್ ತಜ್ಞ ಲ್ಯಾರಿ ಹಾಡ್ಜಸ್ ಮತ್ತು ಸಂಗಡಿಗರು ವಿಯಟ್ನಾಂ ಯೋಧರಿಗಾಗಿ ಇದನ್ನು ಪ್ರಯೋಗಿಸಿದರು. ಶಿರಸ್ತ್ರಾಣದಂಥ ಸಾಧನವನ್ನು ಧರಿಸಿದೊಡನೆ ಯೋಧನ ಕಣ್ಣೆದುರು ಕಾಡಿನ ನಡುವಣ ಬಯಲು ತೆರೆದುಕೊಳ್ಳುತ್ತಿತ್ತು. ಇಲ್ಲವೆ ತಾನು ಹಾರುವ ಹೆಲಿಕಾಪ್ಟರಿನೊಳಗಿರುವಂತೆ ಭಾಸವಾಗುತ್ತಿತ್ತು. ತಲೆ ತಿರುಗಿಸಿದತ್ತ ನೋಟವೂ ತಿರುಗುತ್ತಿತ್ತು. ಮುಂದೆ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಆಲ್ಬರ್ಟ್ ರಿಜ್ಜೊ ಮತ್ತು ಸಹೋದ್ಯೋಗಿಗಳು ಇರಾಕಿನ ಬೀದಿಗಳನ್ನು ಹೀಗೆಯೇ ರಚಿಸಿ, ಸದ್ದಿನೊಡನೆ ನೆಲದ ಕಂಪನವನ್ನೂ ಸುಟ್ಟ ರಬ್ಬರಿನ ವಾಸನೆಯನ್ನೂ ಸೇರಿಸಿದರು. ಎಷ್ಟು ತೋರಿಸಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಪಕ್ಕದಲ್ಲಿರುವ ಚಿಕಿತ್ಸಕನು ನಿರ್ಧರಿಸುತ್ತಾನೆ. ಯೋಧನು ತನ್ನ ಅನುಭವವನ್ನು ಹೇಳುತ್ತ ಹೋದಂತೆ, ಇದು ನೆನಪೇ ಹೊರತು ಈಗ ನಡೆಯುತ್ತಿರುವುದಲ್ಲ ಎಂಬ ಅರಿವು ನಿಧಾನವಾಗಿ ಮೂಡುತ್ತದೆ.

ಹಾಗೆಂದು ಯಂತ್ರವೇ ಬೇನೆಯನ್ನು ಗುಣಪಡಿಸುತ್ತದೆಂದು ಭಾವಿಸಲಾಗದು. ಅಮೆರಿಕದ ಸೈನಿಕರನ್ನು ಕುರಿತು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಯಂತ್ರವಿಲ್ಲದೆ ಕಲ್ಪನೆಯಿಂದಲೇ ನೆನಪನ್ನು ಎದುರಿಸಿದವರಿಗೂ ಗುಣ ಕಂಡಿತು. ಯಂತ್ರದ ಚಿಕಿತ್ಸೆ ಅದಕ್ಕಿಂತ ಮೇಲೆನಿಸಲಿಲ್ಲ. ಯೋಧನಿಗೆ ಹೇಡಿಯೆಂಬ ಹೆಸರಿಡದೆ, ಅವನ ಮಾತನ್ನು ತಾಳ್ಮೆಯಿಂದ ಕೇಳಬಲ್ಲ ಮನುಷ್ಯನೊಬ್ಬನು ಬಳಿಯಲ್ಲಿರಬೇಕು. ಆಗಲೇ ಯಂತ್ರವೂ ನೆರವಾದೀತು.